ಹೊಸ್ತಿಲಿಲ್ಲದ ಖೋಲಿ

ಕಾಕಿ ತೀರಿಕೊಂಡ ಸುದ್ದಿಯನ್ನು ನಾನು ಫೋನು ಮಾಡಿ ಹೇಳಿದ್ದು ಒಬ್ಬಳಿಗೇ, ಪುಣೆಯ ಹೋಟೆಲ್ಲೊಂದರಲ್ಲಿ ಕಸ ಹೊಡೆಯುವ ಮಾವಶಿಗೆ. ಬಳಗದವರೆಲ್ಲ ಆಳಂದದಲ್ಲೇ ಇದ್ದರು, ಅವರಿಗೆ ಹೇಳುವುದು ಏನಿತ್ತು? ಮಣ್ಣು ಮುಗಿಸಿ ಜೇವರ್ಗಿಗೆ ಬಂದು, ತಲೆಮೇಲೆ ನೀರು ಹಾಕಿಕೊಂಡು, ಫೋನು ಹಚ್ಚಿದೆ. ಮಾವಶಿ ಮೊದಲು ಕೇಳಿದ್ದೇ ಈ ಮಾತು: “ಉಡಿ ತುಂಬಿ ಕಳಿಸಿದ್ರೇನು?”

ಏನಾಗಿತ್ತು, ದವಾಖಾನೆಗೆ ಒಯ್ದಿದ್ದಿರೋ ಇಲ್ಲವೋ, ಯಾವುದನ್ನೂ ಕೇಳಲಿಲ್ಲ. ಆ ಮಾತು ಯಾಕೆ ಬಂತೆಂಬುದು ನಮ್ಮ ಮೂವರಿಗಷ್ಟೇ ಗೊತ್ತು. ಮೂವರಲ್ಲಿ ಒಬ್ಬಳು ಈಗ ಇಲ್ಲ.

ಕಾಕಿ ನನಗೆ ರಕ್ತಸಂಬಂಧವಲ್ಲ. ಆಳಂದದಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾಲ್ಕಾರು ಹೆಂಗಸರನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದಳು. ಓಣಿಗೆಲ್ಲ ಕಾಕಿ, ಹಂಗಾಗಿ ನನಗೂ ಕಾಕಿ. ಆ ಹೆಂಗಸರ ಸಂಘದ ಹೊರಗಿನ ಕೆಲಸ ನಂದು: ಫೋನು, ಗಿರಾಕಿ, ಹಿಂದಿ ಮಾತಾಡುವುದು, ಗಾಡಿ ಹೊಂದಿಸುವುದು. ನನಗೆ ಮೊದಲಿನಿಂದಲೂ ಎಲ್ಲದಕ್ಕೂ ಅವಸರ. ಕಾಕಿ ಹಂಚಿನ ಮುಂದೆ ಕೂತು ನಗುತ್ತಿದ್ದಳು. “ಜೇವರ್ಗಿಯವ್ರು ನೀವು ರೋಡಿನ ಮ್ಯಾಲ ಹುಟ್ಟಿದವ್ರು. ಒಂದಕಡೆ ನಿಂತ್ರ ಹಿಂದಿನ ಲಾರಿಯಂವ ಹಾರ್ನ್ ಹೊಡೀತಾನ ಅಂತ ಹೆದರಿಕಿ ನಿಮಗ.” ನಾನೂ ಬಿಡುತ್ತಿರಲಿಲ್ಲ. ಆಳಂದದವರು ಒಂದು ಚಹಾ ಕುಡಿಯಲು ಹೊತ್ತು ಮುಳುಗಿಸುತ್ತೀರಿ ಅನ್ನುತ್ತಿದ್ದೆ. “ಮುಳುಗಲಿ ಬಿಡು, ಮತ್ತ ನಾಳಿ ಹುಟ್ಟತಾನ,” ಅಂತ ಮುಂದಿನ ಹಿಟ್ಟಿನ ಉಂಡಿಗೆ ಕೈ ಹಾಕುತ್ತಿದ್ದಳು.

ಎತ್ತರದ ಆಳು, ಕಪ್ಪು ಮೈಬಣ್ಣ, ಹಣೆ ತುಂಬ ವಿಭೂತಿ. ಗಂಡಸರ ಹಾಗೆ ದಪ್ಪ ಮಣಿಕಟ್ಟು. ಸೀರೆ ಎಷ್ಟೇ ಕೊಡವಿದರೂ ಎಲ್ಲೋ ಒಂದು ಕಡೆ ಹಿಟ್ಟು ಉಳಿದಿರುತ್ತಿತ್ತು. ಯಾರನ್ನೂ ಹೊಗಳುತ್ತಿರಲಿಲ್ಲ. ಬಹಳ ಸಂತೋಷವಾದರೆ “ಅಡ್ಡಿ ಇಲ್ಲ” ಅನ್ನುವಳು. ಸಿಟ್ಟು ಬಂದರೆ ಮಾತು ನಿಲ್ಲುತ್ತಿತ್ತು, ರೊಟ್ಟಿ ಬಡಿಯುವ ಸಪ್ಪಳ ಜೋರಾಗುತ್ತಿತ್ತು. ಓಣಿಯವರು ಆ ಸಪ್ಪಳ ಕೇಳಿಯೇ ಇವತ್ತು ಒಳಗೆ ಹೋಗಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತಿದ್ದರು.

ಗಂಡ ಹೋಗಿ ಬಹಳ ವರ್ಷವಾಗಿತ್ತು. ಮದುವೆ ಮನೆಗಳಲ್ಲಿ ರೊಟ್ಟಿಯೆಲ್ಲ ಅವಳದೇ. ಆದರೆ ಉಣ್ಣುವುದು ಮುಗಿದು, ಹೊರಟು ನಿಂತ ಹೆಣ್ಣುಮಕ್ಕಳಿಗೆ ಉಡಿ ತುಂಬುವ ಹೊತ್ತಾದರೆ ಕಾಕಿ ಮೆಲ್ಲಗೆ ಒಲೆಯ ಕಡೆ ಸರಿಯುತ್ತಿದ್ದಳು. ಅಲ್ಲಿ ಆರಿದ ಒಲೆಯ ಬೂದಿ ಕೆದರುತ್ತ ನಿಲ್ಲುವಳು. ಸೆರಗಿನೊಳಗೆ ಅಕ್ಕಿ, ಕಾಯಿ, ಕುಬಸದ ಖಣ ಬೀಳುವುದು ಮುತ್ತೈದೆಯರಿಗೆ ಮಾತ್ರ. ಗೋಡೆಯ ಮೇಲೆ ಶರಣರ ಫೋಟೋ, ಅದಕ್ಕೆ ದಿನಾ ಹೂವು. ಅದರ ಕೆಳಗೇ ನಿಂತು ಈ ಮಾತು ಹೇಳುತ್ತಾರೆ. ನನ್ನ ಬಾಯಿ ಸುಮ್ಮನಿರುವುದಿಲ್ಲ, ಒಂದೆರಡು ಸಲ ಜಗಳಕ್ಕೇ ನಿಂತಿದ್ದೆ. ಕಾಕಿ ನನ್ನ ಸೆರಗು ಹಿಡಿದು ಜಗ್ಗಿ ಕೂಡಿಸಿದಳು.

ಅವಳ ತವರು ಭೀಮಾ ದಂಡೆಯ ಘತ್ತರಗಿ. ಗಂಡ ತೀರಿಕೊಂಡ ಮೇಲೆ ಒಂದೇ ಒಂದು ಸಲ ಅಲ್ಲಿಗೆ ಹೋಗಿದ್ದಳಂತೆ. ದೇವಿಗೆ ಕಾಯಿ ಒಡೆಸಿ, ಎರಡು ದಿನ ಇದ್ದು, ಹೊರಟು ನಿಂತಾಗ ಅಣ್ಣನ ಹೆಂಡತಿ ಉಳಿದವರಿಗೆಲ್ಲ ಉಡಿ ತುಂಬಿದಳು. ಕಾಕಿಗೆ ಮಾತ್ರ ಖಣವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೈಗೆ ಕೊಟ್ಟಳು. “ಅಂಗಡ್ಯಾಗ ಕೊಟ್ಟಂಗ ಕೊಟ್ಟಳು ನೋಡು,” ಅಂದಿದ್ದಳು ಕಾಕಿ. ಅಷ್ಟೇ ಅಂದದ್ದು. ಆಮೇಲೆ ಘತ್ತರಗಿಗೆ ಕಾಲಿಡಲಿಲ್ಲ. ಯಾರಾದರೂ ತವರು ಯಾವುದು ಅಂತ ಕೇಳಿದರೆ “ಇತ್ತು” ಅನ್ನುತ್ತಿದ್ದಳು.

ಇಂಥವಳನ್ನು ನಾನು ಪುಣೆಗೆ ಕರೆದುಕೊಂಡು ಹೋದೆ. ಅಲ್ಲಿಯ ದೊಡ್ಡ ಕಿರಾಣಿ ಅಂಗಡಿಯೊಂದು, ಗಿರಾಕಿಗಳ ಕಣ್ಣೆದುರೇ ಬಿಸಿ ರೊಟ್ಟಿ ಬಡಿದು ಕೊಡುವವರು ಬೇಕು ಅಂತ ನಮ್ಮನ್ನು ಕರೆಸಿತ್ತು. ಒಂದು ವಾರ ಅಂದಿದ್ದರು. ಜನ ಮುಗಿಬಿದ್ದರು ನೋಡಿ, ಇನ್ನೊಂದು ವಾರ, ಮತ್ತೊಂದು ವಾರ ಅಂತ ತಿಂಗಳು ದಾಟಿತು. ಅಂಗಡಿಯವರೇ ಸ್ಟೇಷನ್ನಿನ ಹತ್ತಿರದ ಹೋಟೆಲ್ಲಿನಲ್ಲಿ ಮೂರನೇ ಮಾಳಿಗೆಯ ಮೇಲೆ ನಮಗೊಂದು ಖೋಲಿ ಹಿಡಿದುಕೊಟ್ಟರು.

ಮೊದಲ ದಿನ ಕಾಕಿ ಖೋಲಿಯ ಬಾಗಿಲಲ್ಲಿ ನಿಂತವಳು ಒಳಗೆ ಬರಲೇ ಇಲ್ಲ. ಕೆಳಗೆ ನೋಡುತ್ತ ನಿಂತಳು.

“ಏನ್ ಕಾಕಿ, ಏನರೆ ಬಿತ್ತೇನು?”

“ಹೊಸ್ತಿಲ ಎಲ್ಲದ?”

ಇರಲಿಲ್ಲ. ಹೊರಗಿನ ನುಣ್ಣನೆಯ ನೆಲ ಹಂಗೇ ಹರಿದು ಒಳಗೆ ಬಂದಿತ್ತು. “ಇದು ಹೋಟೆಲ್ ಕಾಕಿ, ಹೋಟೆಲ್‌ಗೆ ಹೊಸ್ತಿಲಾ ಇರೂದಿಲ್ಲ,” ಅಂದೆ. “ಹೊಸ್ತಿಲಿಲ್ಲಂದ್ರ ಒಳಗ ಯಾವುದು, ಹೊರಗ ಯಾವುದು?” ಅನ್ನುತ್ತಲೇ ಬಂದಳು, ಬಲಗಾಲು ಮುಂದಿಟ್ಟು.

ಆಮೇಲೆ ಒಂದೊಂದೇ ತಕರಾರು. ಬಾಗಿಲ ಬಳಿ ಸಿಕ್ಕಿಸಿದ ಕಾರ್ಡು ಕಿತ್ತರೆ ದೀಪ ಆರುತ್ತದಲ್ಲ, ಅದು ಅವಳಿಗೆ ಸರಿ ಬರಲಿಲ್ಲ. ಮನೆ ಬಿಡುವಾಗ ಯಾರಾದರೂ ದೀಪ ಆರಿಸಿ ಹೋಗುತ್ತಾರೇನು ಅಂತ ಅವಳ ವಾದ. ಗಾದಿಯ ಮೇಲೆ ಮಲಗಲಿಲ್ಲ, ಹುಗ್ಗಿಯೊಳಗೆ ಬಿದ್ದ ಹಾಗೆ ಆಗುತ್ತದಂತೆ. ನೆಲದ ಮೇಲೆ ಕೌದಿ ಹಾಸಿಕೊಂಡಳು. ಬೆಳಗಿನ ನಾಷ್ಟಾಕ್ಕೆ ಕೆಳಗೆ ಹೋದರೆ ಅಲ್ಲಿ ಜನ ತಾಟಿನಲ್ಲಿ ಗುಡ್ಡೆ ಹಾಕಿಕೊಳ್ಳುವುದನ್ನು ನೋಡಿ ನನ್ನ ಕಿವಿಯಲ್ಲಿ, “ಪುಕ್ಕಟೆ ಅಂದ್ರ ಹೊಟ್ಟಿನೂ ಮಂದೀದೇನು?” ಅಂದಳು. ನನ್ನ ತಾಟಿನ ಮೂರು ಇಡ್ಲಿಯಲ್ಲಿ ಒಂದನ್ನು ನಾನು ವಾಪಸಿಟ್ಟೆ.

ಎರಡನೇ ದಿನ ಬೆಳಗ್ಗೆ ನಾನು ಏಳುವ ಮೊದಲೇ ಖೋಲಿಯ ಬಾಗಿಲು ತೆರೆದಿತ್ತು. ಕಾಕಿ ಹೊರಗೆ ವರಾಂಡದಲ್ಲಿ ಮೊಣಕಾಲೂರಿ ಕೂತಿದ್ದಳು. ಬಾಗಿಲ ಮುಂದೆ ಒದ್ದೆ ಅರಿವೆಯಿಂದ ಒರಸಿ, ಇಲ್ಲದ ಹೊಸ್ತಿಲ ಜಾಗದಲ್ಲಿ ಬೆರಳಗಲದ ಎರಡು ಗೆರೆ ಎಳೆದು, ಅದರ ಮುಂದೆ ಅಂಗೈಯಷ್ಟು ರಂಗೋಲಿ ಹಾಕುತ್ತಿದ್ದಳು. ರಂಗೋಲಿ ಪುಡಿ ಎಲ್ಲಿಂದ ತರಬೇಕು? ಜೋಳದ ಹಿಟ್ಟು.

“ಕಾಕಿ, ಯಾರರೆ ನೋಡಿದ್ರ ಏನಂತಾರ?”

“ನೋಡಲಿ ಅಂತನೇ ಹಾಕೂದು ಬೇ.”

ನಾವು ಅಂಗಡಿಯಿಂದ ಸಂಜೆ ಬರುವಷ್ಟರಲ್ಲಿ ರಂಗೋಲಿ ಇರುತ್ತಿರಲಿಲ್ಲ. ಮರುದಿನ ಮತ್ತೆ ಹಾಕುವಳು. ಒರೆಸುವುದು ಯಾರು ಅಂತ ನಾವು ಕೇಳಿರಲಿಲ್ಲ. ಅದು ಆ ಮಾಳಿಗೆಯ ಖೋಲಿಗಳನ್ನು ಸ್ವಚ್ಛ ಮಾಡುವ ಹೆಂಗಸು, ಎಲ್ಲರೂ ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಅಂತ ಕರೆಯುವವಳು. ಸಣ್ಣ ದೇಹ, ಕೈತುಂಬ ಹಸಿರು ಬಳೆ. ಅಕ್ಕಲಕೋಟದ ಕಡೆಯವಳು, ಅರ್ಧ ಕನ್ನಡ ಅರ್ಧ ಮರಾಠಿ. ನಮ್ಮ ಮಾತು ಕೇಳಿದ ದಿನದಿಂದ ಟವೆಲ್ಲು ಬದಲಿಸಲು ಬಂದವಳು ಒಂದು ನಿಮಿಷ ಹೆಚ್ಚೇ ನಿಲ್ಲುತ್ತಿದ್ದಳು, ಅಷ್ಟೇ.

ಒಂದು ದಿನ ಅಂಗಡಿಗೆ ಹೊರಟಿದ್ದೆವು. ಚಾದರ, ಟವೆಲ್ಲು ಇಡುವ ಸಣ್ಣ ಖೋಲಿಯ ಬಾಗಿಲಲ್ಲಿ ಮಾವಶಿ ಟವೆಲ್ಲು ಬಾಯಿಗೊತ್ತಿಕೊಂಡು ನಿಂತಿದ್ದಳು.

“ಯಾಕ ಬೇ, ಏನಾತು?” ಕಾಕಿ ಕೇಳಿದಳು.

“ನಾಳಿಂದ ಬರಬ್ಯಾಡ ಅಂದಾರ. ವರಾಂಡ ಸ್ವಚ್ಛ ಇಡಾಕ ಬರೂದಿಲ್ಲಂತ ನನಗ. ಇರುವಿ ಸಾಲ ಹಿಡದಾವಂತ ಬಾಜೂ ಖೋಲಿಯವ್ರು ಕಂಪ್ಲೇಂಟ್ ಕೊಟ್ಟಾರ.”

“ಇರುವಿ ಎಲ್ಲಿಂದ ಬಂದ್ವು?”

ಮಾವಶಿ ನೆಲ ನೋಡುತ್ತ, “ನಿನ್ನ ರಂಗೋಲಿಗೆ ಬಂದ್ವು ಅಕ್ಕಾ,” ಅಂದಳು.

ಕಾಕಿಯ ಮುಖ ಇಳಿಯಿತು. “ಮತ್ತ ನನಗ ಹೇಳಾಕ ಬಾಯಿ ಇರಲಿಲ್ಲೇನು ನಿನಗ?”

“ಹೇಳಿದ್ರ ನೀ ಬಿಟ್ಟುಬಿಡ್ತಿದ್ದಿ. ಈ ಊರಾಗ ನಂದು ಒಂದು ಖೋಲಿ, ಅದಕ್ಕ ಅಂಗಳಿಲ್ಲ. ಬಾಗಿಲ ಮುಂದ ರಂಗೋಲಿ ನೋಡಿ ಎಷ್ಟು ವರ್ಷ ಆಗಿತ್ತು. ಒರಸೂ ಮುಂಚೆ ನಿಂತು ನೋಡ್ತಿದ್ನಿ.”

ಕಾಕಿ ಮಾವಶಿಯ ಕೈಯೊಳಗಿನ ಕಸಬರಿಗೆ ಕಸಿದುಕೊಂಡು ನೆಟ್ಟಗೆ ಲಿಫ್ಟಿಗೆ ನಡೆದಳು. ನಾನು ಹಿಂದೆ ಓಡಿದೆ. ಕೆಳಗೆ ಮ್ಯಾನೇಜರು ಹೊಸ ಗಿರಾಕಿಗಳಿಗೆ ನಗುನಗುತ್ತ ಕಾರ್ಡು ಕೊಡುತ್ತಿದ್ದ. ಪಕ್ಕದಲ್ಲಿ ವಾಕಿಟಾಕಿ ಹಿಡಿದ ಸೂಪರ್‌ವೈಜರ್. ಸೂಟ್‌ಕೇಸುಗಳ ನಡುವೆ ನಮ್ಮ ಕಾಕಿ, ಕೈಯಲ್ಲಿ ಕಸಬರಿಗೆ. ಗಡಿಯವಳಲ್ಲವೇ, ಮುರುಕು ಮರಾಠಿ ಬರುತ್ತಿತ್ತು. ಸಿಟ್ಟಿನಲ್ಲಿ ಅದೂ ಕನ್ನಡವೇ ಆಯಿತು.

“ರಂಗೋಲಿ ಹಾಕಿದ ಕೈ ಇದು. ಬೈಯೂದಿದ್ರ ಇದಕ್ಕ ಬೈರಿ. ಆಕಿಗ್ಯಾಕ ಬರಬ್ಯಾಡ ಅಂದ್ರಿ?”

ನಾನು ಹಿಂದಿಯಲ್ಲಿ ಹೇಳಿದೆ, ಸ್ವಲ್ಪ ಖಾರ ನನ್ನ ಕಡೆಯಿಂದಲೂ ಸೇರಿಸಿ. ಮ್ಯಾನೇಜರು, ಗಿರಾಕಿಗಳಿಗೆ ನಾವು ಏನೂ ಅನ್ನುವುದಿಲ್ಲ ಮೇಡಂ, ನೀವು ನಮ್ಮ ಗೆಸ್ಟ್, ಇದು ಸ್ಟಾಫಿನ ವಿಷಯ, ಅಂದ.

“ಏನಂತಾನ?”

“ನಾವು ಅವರ ಮನಿಗೆ ಬಂದ ಬೀಗರಂತ ಕಾಕಿ.”

“ಹಂಗೇನು? ಬೀಗರಿದ್ರ ನಮ್ಮ ಮಾತು ನಡೀಬೇಕಲ್ಲ. ಹೊಲಸು ಮಾಡಿದಾಕಿ ನಾನು, ನಾನೇ ಕಸ ಹೊಡೀತೇನಿ. ನಾವು ಇರೂತನ ದಿನಾ ಮುಂಜಾನೆ ಹೊಡೀತೇನಿ. ನೀವು ಕುರ್ಚಿ ಹಾಕ್ಕೊಂಡು ನೋಡ್ರಿ.” ಹೀಗಂದು ಅಲ್ಲೇ, ಸೂಟ್‌ಕೇಸಿನ ಜನರ ಕಾಲ ನಡುವೆ ಬಗ್ಗಿ, ಗುಡಿಸಲು ಸುರು ಮಾಡಿಯೇಬಿಟ್ಟಳು. ಬಂದವರು ಕಾಲೆತ್ತಿಕೊಂಡು ಸರಿದರು. ಒಬ್ಬರು ಮೊಬೈಲು ತೆಗೆದರು. ಮ್ಯಾನೇಜರು ಕೌಂಟರು ಸುತ್ತಿಕೊಂಡು ಓಡಿ ಬಂದ. ಕಸಬರಿಗೆ ಬಿಡಿ ಮೇಡಂ, ಆಕೆ ನಾಳೆಯೂ ಬರುತ್ತಾಳೆ, ನಾಡಿದ್ದೂ ಬರುತ್ತಾಳೆ ಅಂತ ಕೈ ಮುಗಿದ. ಕಾಕಿ ನಡು ನೆಟ್ಟಗೆ ಮಾಡಿ ಸೂಪರ್‌ವೈಜರನ ಕಡೆ ನೋಡಿ, “ಇಂವನ ಬಾಯಿಲೆ ಹೇಳಿಸು,” ಅಂದಳು. ಅವನೂ ಹೇಳಿದ.

ಲಿಫ್ಟಿನಲ್ಲಿ ಅವಳು ಇನ್ನೂ ಕಸಬರಿಗೆ ಬಿಟ್ಟಿರಲಿಲ್ಲ. “ಆಕಿ ಹೊಟ್ಟಿಮ್ಯಾಗ ಹೊಡೆದಂಗ ಆಗ್ತಿತ್ತಲ್ಲ ತಂಗಿ,” ಅಂದಳು.

ಮರುದಿನದಿಂದ ರಂಗೋಲಿ ಖೋಲಿಯ ಒಳಗೆ ಬಂತು, ಕಿಟಕಿಯ ಕೆಳಗೆ. ಹಿಟ್ಟಿನ ಬದಲು ಮಾವಶಿ ತಂದುಕೊಟ್ಟ ರಂಗೋಲಿ ಪುಡಿ. ರಜೆಯ ದಿನ ಮಾವಶಿ ತನ್ನ ಬುತ್ತಿ ಹಿಡಿದು ಬಂದರೆ ಕಾಕಿ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ ಬಿಚ್ಚುವಳು. ಇಬ್ಬರೂ ನೆಲದ ಮೇಲೆ ಎದುರುಬದುರು ಕೂತು ಉಣ್ಣುತ್ತಿದ್ದರು. ನಾನು ಮೊಬೈಲು ಹಿಡಿದು ಗಾದಿಯ ಮೇಲೆ ಬಿದ್ದುಕೊಂಡು ಅವರ ಮಾತು ಕೇಳುತ್ತಿದ್ದೆ. ಈಗ ನನಗೆ ಬೇಕಾದದ್ದು ಆ ಮಧ್ಯಾಹ್ನಗಳು. ಹೊರಗೆ ರೈಲಿನ ಸಪ್ಪಳ, ಒಳಗೆ ಹಿಂಡಿಯ ವಾಸನೆ, ಇಬ್ಬರು ಹೆಂಗಸರು ಅವಸರವಿಲ್ಲದೆ ಅಗಿಯುವ ಸದ್ದು. ಎಷ್ಟು ಸುಖವಿತ್ತು ಆ ಖೋಲಿಯಲ್ಲಿ.

ಅಂಥದೇ ಒಂದು ಮಧ್ಯಾಹ್ನ ಮಾವಶಿ ತನ್ನ ಗಂಡನ ಸುದ್ದಿ ಹೇಳಿದಳು. ಇನ್ನೊಬ್ಬಳ ಬೆನ್ನು ಹತ್ತಿ ಹೋದವನು ತಿರುಗಿ ನೋಡಿರಲಿಲ್ಲ. ಕಾಕಿ ಘತ್ತರಗಿಯ ಪ್ಲಾಸ್ಟಿಕ್ ಚೀಲದ ಸುದ್ದಿ ಹೇಳಿದಳು. ಕೇಳಿದ ಮಾವಶಿ ಕೈಯೊಳಗಿನ ತುತ್ತು ಕೆಳಗಿಟ್ಟಳು.

“ಅಗ ಬಾಯಿ, ಇದೆಂಥ ನ್ಯಾಯ? ಓಡಿ ಹೋದಂವ ಎಲ್ಲೋ ಜೀವಂತ ಅದಾನಂತ ನನಗ ಮಂದಿ ಕರೆಕರೆದು ಉಡಿ ತುಂಬತಾರ. ಸಾಯೂತನ ನಿನ್ನ ಜೋಡಿ ಇದ್ದಂವ ಸತ್ತಾನಂತ ನಿನಗಿಲ್ಲ.”

ಕಾಕಿ ನಕ್ಕಳು. ನಗು ಬೇಗ ನಿಂತಿತು. “ಉಣ್ಣು, ರೊಟ್ಟಿ ಬಿರಸ ಆಕ್ಕಾವ,” ಅಂದಳು.

ಹೊರಡುವ ದಿನ ಬಂತು. ಚೀಲ ಕಟ್ಟಿ ಆಗಿತ್ತು. ನಾನು ಗಡಿಯಾರ ನೋಡುತ್ತ, ರೈಲು ತಪ್ಪುತ್ತದೆ ಅಂತ ಹಾರಾಡುತ್ತಿದ್ದೆ. ಬಾಗಿಲು ಬಡಿದು ಮಾವಶಿ ಒಳಗೆ ಬಂದಳು. ನೀಲಿ ಸಮವಸ್ತ್ರದ ಮೇಲೆ ಮನೆಯಿಂದ ತಂದ ಸೀರೆಯೊಂದನ್ನು ಸೆರಗಿನಂತೆ ಹೊದ್ದುಕೊಂಡಿದ್ದಳು. ಕೈಯಲ್ಲಿ ಹೋಟೆಲ್ಲಿನ ಚಹಾದ ಟ್ರೇ. ಅದರಲ್ಲಿ ಅಕ್ಕಿ, ಕಾಯಿ, ಬಾಳೆಹಣ್ಣು, ಅರಿಷಿಣದ ಕೊಂಬು, ಕುಂಕುಮ, ಹಸಿರು ಖಣ. ಬಿಳಿ ಟವೆಲ್ಲನ್ನು ಮಡಚಿ ಮೂಡಣದ ಕಡೆ ಹಾಸಿ, “ಅಕ್ಕಾ, ಬಾ, ಕೂಡು,” ಅಂದಳು.

ಕಾಕಿ ಟ್ರೇ ನೋಡಿದಳು. ಹಿಂದೆ ಸರಿದಳು. ಮದುವೆ ಮನೆಯಲ್ಲಾದರೆ ಒಲೆ ಇರುತ್ತಿತ್ತು, ಇಲ್ಲಿ ಬಚ್ಚಲಿನ ಬಾಗಿಲು ಬೆನ್ನಿಗೆ ಹತ್ತಿತು.

“ನನಗ ಬರೂದಿಲ್ಲವ್ವ ಇದು. ನಿನಗ ಗೊತ್ತದ.”

“ಗೊತ್ತದ. ಅದಕ್ಕ ತಂದೀನಿ.”

“ತಪ್ಪಾಕ್ಕತಿ ಬೇ.”

“ತಪ್ಪಾದ್ರ ನನಗ ಬರಲಿ. ನನ್ನ ಹೊಟ್ಟಿ ಉಳಿಸಿದಾಕಿ, ಬರೀ ಉಡಿಲೆ ಹ್ಯಾಂಗ ಕಳಿಸಲಿ? ತಿಂಗಳ ಮ್ಯಾಲ ಇದ್ದಿ ನನ್ನ ಕಡೆ. ಕಸ ಹೊಡೆಯಾಕಿ ನಾನು, ಹಾಸಿಗಿ ಹಾಸಾಕಿ ನಾನು. ಈ ಖೋಲಿ ಮ್ಯಾನೇಜರಂದೇನು?”

ಕಾಕಿ ನನ್ನ ಕಡೆ ನೋಡಿದಳು. ನಾನು ರೈಲಿನ ಅವಸರ ಬಿಟ್ಟು ಚೀಲ ಕೆಳಗಿಟ್ಟೆ. ಅವಳು ಬಂದು ಟವೆಲ್ಲಿನ ಮೇಲೆ ಕೂತಳು. ಮಾವಶಿ ಕುಂಕುಮದ ಕಡೆ ಕೈ ಒಯ್ದಾಗ, “ಹಣಿ ಮ್ಯಾಲ ವಿಭೂತಿ ಅದ, ಅದು ಸಾಕು. ಉಡಿ ಅಷ್ಟ ತುಂಬು,” ಅಂದು ಸೆರಗು ಒಡ್ಡಿದಳು. ಆ ದಪ್ಪ ಮಣಿಕಟ್ಟಿನ ಕೈಗಳು ಸೆರಗಿನ ತುದಿ ಹಿಡಿಯುವುದನ್ನೇ ಮರೆತಿದ್ದವು. ಮಾವಶಿಯೇ ಬೆರಳು ಹಿಡಿದು ಸರಿ ಮಾಡಿದಳು. ಅಕ್ಕಿ ಬಿದ್ದಾಗ ಕಾಕಿ ಅತ್ತಳು, ಮುಖ ಮುಚ್ಚಿಕೊಳ್ಳದೆ. ನಾನೂ ಅತ್ತೆ.

ಸೊಲ್ಲಾಪುರದ ತನಕ ರೈಲು, ಅಲ್ಲಿಂದ ಆಳಂದಕ್ಕೆ ಬಸ್ಸು. ದಾರಿಯುದ್ದಕ್ಕೂ ಉಡಿ ನಡುವಿಗೆ ಕಟ್ಟಿಕೊಂಡೇ ಕೂತಿದ್ದಳು, ಒಂದು ಕೈ ಅದರ ಮೇಲೆ. ಆಳಂದ ಹತ್ತಿರ ಬಂದ ಹಾಗೆ ನನಗೇ ಒಳಗೊಳಗೆ ಫಿಕರ್. ಬಾಜೂ ಮನೆಯಲ್ಲಿ ಅವಳ ನೆಗೆಣ್ಣಿ, ಅಂದರೆ ಭಾವನ ಹೆಂಡತಿ. ಓಣಿಯ ರೀತಿ ರಿವಾಜೆಲ್ಲ ಆಕೆಯ ಕೈಯಲ್ಲಿ. ಮದುವೆ ಮನೆಯಲ್ಲಿ ಕಾಕಿ ಒಲೆಯ ಕಡೆ ಸರಿಯುವ ಮೊದಲೇ ಆ ಕಡೆ ಕಣ್ಣು ಮಾಡಿ ತೋರಿಸುತ್ತಿದ್ದವಳು ಆಕೆಯೇ.

ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ, “ಕಾಕಿ, ಚೀಲದಾಗ ಹಾಕ್ಕೋ. ಮನಿಗೆ ಹೋಗಿ ತೆಗಿ,” ಅಂದೆ.

“ಕದ್ದು ತಂದೀನೇನು? ಒಮ್ಮೆ ಚೀಲದಾಗ ತಂದಿದ್ದು ಸಾಕು.”

ಹಾಗೇ ನಡೆದಳು. ಕಿರಾಣಿ ಅಂಗಡಿ ಮುಂದೆ, ಹಿಟ್ಟಿನ ಗಿರಣಿ ಮುಂದೆ, ಕಟ್ಟೆಯ ಮೇಲೆ ಕೂತ ಹೆಂಗಸರ ಮುಂದೆ, ಹೊಟ್ಟೆಯ ಮೇಲೆ ಉಬ್ಬಿದ ಉಡಿ ಹಿಡಿದುಕೊಂಡು. ನಾನು ಚೀಲಗಳನ್ನು ಹೊತ್ತು ಹಿಂದೆ. ನೆಗೆಣ್ಣಿ ಬಾಗಿಲಲ್ಲೇ ನಿಂತಿದ್ದಳು.

“ಏನಿದು?”

“ಉಡಿ ಅಕ್ಕಾ.”

“ಯಾರು ತುಂಬಿದ್ರು ನಿನಗ?”

“ತವರ ಮನಿಂದ ಬರಾಕತ್ತೇನಿ. ತವರಿಂದ ಯಾರರೆ ಬರೀ ಉಡಿಲೆ ಬರ್ತಾರೇನು?” ಅಂದವಳೇ ತನ್ನ ಮನೆಯ ಹೊಸ್ತಿಲಿಗೆ ಕೈ ಮುಟ್ಟಿ ನಮಸ್ಕಾರ ಮಾಡಿ ಒಳಗೆ ಹೋದಳು.

ಸಂಜೆ ಆ ಅಕ್ಕಿಗೆ ಬೆಲ್ಲ ಹಾಕಿ ಹುಗ್ಗಿ ಮಾಡಿ ಓಣಿಗೆಲ್ಲ ಹಂಚಿದಳು. ಮೊದಲ ಬಟ್ಟಲು ಬಾಜೂ ಮನೆಗೆ. ನೆಗೆಣ್ಣಿ ಇಸಕೊಂಡಳು. ಖಾಲಿ ಬಟ್ಟಲು ಮರುದಿನ ತೊಳೆದು ಬಂತು.

ಆಮೇಲೆ ಕಾಕಿ ಮತ್ತೆ ಎಲ್ಲೂ ದೂರ ಹೋಗಲಿಲ್ಲ, ನಡು ನೋವು ಬಿಡಲಿಲ್ಲ. ತವರು ಯಾವುದು ಅಂತ ಕೇಳಿದವರಿಗೆ ಮಾತ್ರ “ಪುಣೆ” ಅಂತ ಹೇಳಿ, ಅವರು ಬಾಯಿ ತೆರೆಯುವುದನ್ನು ನೋಡಿ ಖುಷಿ ಪಡುತ್ತಿದ್ದಳು. ನಾನು ಈಗಲೂ ಕೆಲಸದ ಮೇಲೆ ಊರೂರು ತಿರುಗುತ್ತೇನೆ. ಹೊಸ ಹೋಟೆಲ್ಲಿನ ಖೋಲಿಗೆ ಹೋದರೆ ಮೊದಲು ಕೆಳಗೆ ನೋಡುತ್ತೇನೆ, ಹೊಸ್ತಿಲು ಅದ ಏನು ಅಂತ. ಇನ್ನೂ ಎಲ್ಲೂ ಸಿಕ್ಕಿಲ್ಲ.

ಮಾವಶಿ ಫೋನಿನಲ್ಲಿ ಉತ್ತರಕ್ಕೆ ಕಾಯುತ್ತಿದ್ದಳು. ನಾನು ನೋಡಿದ್ದನ್ನು ಹೇಳಿದೆ. ಕಾಕಿಯನ್ನು ಗೋಡೆಗೆ ಆನಿಸಿ ಕೂಡಿಸಿದ್ದರು, ಹಣೆ ತುಂಬ ವಿಭೂತಿ. ಭಜನೆ ನಡೆದಿತ್ತು. ಎತ್ತುವ ಹೊತ್ತಿಗೆ ನಾನು ಖಣ ಹಿಡಿದು ಎದ್ದು ನಿಂತೆ. “ಆಕಿ ಮುತ್ತೈದಿ ಅಲ್ಲ, ಉಡಿ ಯಾಕ?” ಅಂದರು ಯಾರೋ. ನಾನು ಜಗಳಕ್ಕೆ ಬಾಯಿ ತೆರೆಯುವ ಮೊದಲೇ ಬಾಜೂ ಮನೆಯಿಂದ ನೆಗೆಣ್ಣಿ, ಕೋಲೂರಿಕೊಂಡು, ಇನ್ನೊಂದು ಕೈಯಲ್ಲಿ ಮೊರ ತುಂಬ ಅಕ್ಕಿ ಹಿಡಿದು ಬಂದಳು. “ಸರೀರಿ. ಆಕಿ ತವರಿನ ಉಡಿ ಹುಗ್ಗಿ ನಾ ಉಂಡೇನಿ. ಈಗ ಯಾವ ಬಾಯಿಲೆ ಬ್ಯಾಡ ಅನ್ನಲಿ?” ಅಂದಳು. ಕೂತು ಕಾಕಿಯ ಸೆರಗು ಬಿಡಿಸಿ, ತಾನೇ ತುಂಬಿ, ಗಂಟು ಹಾಕಿದಳು.

“ಗಂಟ ಗಟ್ಟಿ ಹಾಕಿದ್ಳೇನು?” ಮಾವಶಿ ಕೇಳಿದಳು.

“ಗಟ್ಟಿ ಹಾಕಿದ್ಳು.”

ಆ ಕಡೆ ವಾಕಿಟಾಕಿಯಲ್ಲಿ ಯಾರೋ ಕರೆದರು. ಮಾವಶಿ ಮೂಗು ಒರೆಸಿಕೊಂಡ ಸಪ್ಪಳ ಕೇಳಿಸಿತು. “ಮೂರನೇ ಮಾಳಿಗಿ ಖೋಲಿ ಖಾಲಿ ಆಗೇದಂತ ತಂಗಿ, ಕಸ ಹೊಡೀಬೇಕು,” ಅಂದು ಫೋನು ಇಟ್ಟಳು.